ಆನ್‌ಲೈನ್ ಪಿಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಂಕಾಂ ಮುಗಿಸಿದ್ದು ಮನೆಯ ಊಟದ ಮೇಜಿನ ಮೇಲೆ. ಹಗಲು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಪಾತ್ರೆ ಎತ್ತಿಟ್ಟ ಮೇಲೆ ಲ್ಯಾಪ್‌ಟಾಪ್. ಡಿಗ್ರಿ ಕೈಗೆ ಬಂದದ್ದೇ ತಡ, ಸಹೋದ್ಯೋಗಿಗಳು, ನಾದಿನಿ, ಅವಳ ಗೆಳತಿಯರು, ಮುಖ ನೋಡದವರು ಕೂಡ ಫೋನ್ ಮಾಡಿ ಕೇಳತೊಡಗಿದರು. ಪ್ರಶ್ನೆಗಳು ಹೆಚ್ಚೂಕಡಿಮೆ ಅವೇ. ಪ್ರತಿಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಇದು ನಮ್ಮ ದೇಶದ ವಿಶ್ವವಿದ್ಯಾಲಯಗಳು ಕೊಡುವ ಆನ್‌ಲೈನ್ ಎಂಎ, ಎಂಕಾಂ, ಎಂಬಿಎ, ಎಂಸಿಎ ಬಗ್ಗೆ ಮಾತ್ರ. ಫೀಸು, ಕೊನೆಯ ದಿನಾಂಕ ಒಂದೊಂದು ಕಡೆ ಒಂದೊಂದು ಥರ. ಅದಕ್ಕೆ ಪ್ರಾಸ್ಪೆಕ್ಟಸ್ಸೇ ಗತಿ.

ಆನ್‌ಲೈನ್ ಅಂದರೂ ದೂರಶಿಕ್ಷಣ ಅಂದರೂ ಒಂದೇ ಅಲ್ವಾ?

ಅಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2020ರ ಸೆಪ್ಟೆಂಬರ್‌ನಲ್ಲಿ ತಂದ ನಿಯಮಾವಳಿಯಲ್ಲಿ ಇವೆರಡೂ ಬೇರೆ ಬೇರೆ. ದೂರಶಿಕ್ಷಣದಲ್ಲಿ ಅಚ್ಚಾದ ಪುಸ್ತಕ ಮನೆಗೆ ಬರುತ್ತದೆ, ಭಾನುವಾರವೋ ರಜೆಯಲ್ಲೋ ಸಂಪರ್ಕ ತರಗತಿ ಇರುತ್ತದೆ, ಪರೀಕ್ಷೆಗೆ ಕೇಂದ್ರಕ್ಕೆ ಹೋಗಬೇಕು. ಆನ್‌ಲೈನ್‌ನಲ್ಲಿ ಪಾಠ, ಚರ್ಚೆ, ಅಸೈನ್‌ಮೆಂಟ್ ಎಲ್ಲವೂ ಒಂದು ಪೋರ್ಟಲ್ ಒಳಗೇ ನಡೆಯುತ್ತದೆ.

ಇನ್ನೊಂದು ವ್ಯತ್ಯಾಸ ಸೇರುವಾಗಲೇ ಗೊತ್ತಿರಬೇಕು. ರಾಜ್ಯದ ವಿಶ್ವವಿದ್ಯಾಲಯ ದೂರಶಿಕ್ಷಣ ಕೊಡುವುದಾದರೆ ಅದಕ್ಕೆ ಗಡಿ ಇದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣ ನಡೆಸುವುದು ಕರ್ನಾಟಕದ ಒಳಗೆ. ಆನ್‌ಲೈನ್ ಕೋರ್ಸಿಗೆ ಆ ಗಡಿ ಇಲ್ಲ. ಪುಣೆಯಲ್ಲಿದ್ದವರೂ ಸೇರಬಹುದು, ಮಸ್ಕತ್‌ನಲ್ಲಿದ್ದವರೂ ಸೇರಬಹುದು.

ನನ್ನನ್ನು ಕೇಳಿದರೆ, ಮನೆಯಲ್ಲಿ ನೆಟ್ ಸರಿಯಿಲ್ಲ, ಕಾಗದದ ಮೇಲೆ ಓದಿದರೇ ತಲೆಗೆ ಹೋಗುತ್ತದೆ ಅನ್ನುವವರಿಗೆ ದೂರಶಿಕ್ಷಣವೇ ಒಳ್ಳೆಯದು. ಅದೇನೂ ಕಡಿಮೆ ದರ್ಜೆಯದಲ್ಲ.

ಈ ಡಿಗ್ರಿಗೆ ಬೆಲೆ ಇದೆಯಾ?

ಇದೆ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಡಿಗ್ರಿ, ದೂರಶಿಕ್ಷಣದ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದ ಡಿಗ್ರಿ, ಮೂರೂ ಸಮ ಅಂತ ಅದೇ ನಿಯಮಾವಳಿಯ 22ನೇ ನಿಯಮ ಹೇಳುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸಾರಿ ಹೇಳಿತು. ಕಾಲೇಜು ಅಧ್ಯಾಪಕರಾಗಲು ಬೇಕಾದ ಅರ್ಹತಾ ಪರೀಕ್ಷೆಗಳನ್ನು, ಎನ್‌ಇಟಿ, ಕೆಸೆಟ್, ಬರೆಯಬಹುದು. ಅಂಕ ಮಾತ್ರ ಇರಬೇಕು: ಪಿಜಿಯಲ್ಲಿ ಸಾಮಾನ್ಯ ವರ್ಗಕ್ಕೆ 55 ಶೇಕಡಾ, ಮೀಸಲಾತಿ ಇರುವವರಿಗೆ 50. ಪಿಎಚ್‌ಡಿಗೂ ಅರ್ಜಿ ಹಾಕಬಹುದು. ಆದರೆ ಪಿಎಚ್‌ಡಿಯನ್ನೇ ಆನ್‌ಲೈನ್‌ನಲ್ಲಿ ಮಾಡುವುದಕ್ಕೆ ಅವಕಾಶ ಇಲ್ಲ. ಯಾರಾದರೂ "ಆನ್‌ಲೈನ್ ಪಿಎಚ್‌ಡಿ ಇದೆ ಮೇಡಂ" ಅಂತ ಫೋನ್ ಮಾಡಿದರೆ ಸುಮ್ನೆ ಇಟ್ಟುಬಿಡಿ.

ಖಾಸಗಿ ಕಂಪನಿಯವರು ಒಪ್ಪುತ್ತಾರಾ ಅನ್ನುವುದು ಬೇರೆ ಮಾತು. ನಿಯಮ ಅವರ ಮನಸ್ಸನ್ನು ಬದಲಾಯಿಸಲ್ಲ. ನಿಮ್ಮ ಕಂಪನಿಯ ಎಚ್‌ಆರ್ ಅವರನ್ನೇ ಕೇಳಿಬಿಡಿ. ಸರ್ಕಾರಿ ನೌಕರರಾಗಿದ್ದರೆ ಮೇಲಧಿಕಾರಿಯ ಅನುಮತಿ ಪಡೆದೇ ಸೇರಿ. ಓದಿ ಮುಗಿಸಿ ಆಮೇಲೆ ಸೇವಾ ಪುಸ್ತಕಕ್ಕೆ ಸೇರಿಸಲು ಓಡಾಡುವ ಕಷ್ಟ ಬೇಡ.

ಮಾನ್ಯತೆ ಇದೆಯೋ ಇಲ್ಲವೋ ಹೇಗೆ ನೋಡುವುದು?

ಯುಜಿಸಿಯಲ್ಲಿ ದೂರಶಿಕ್ಷಣ ಬ್ಯೂರೋ ಅಂತ ಇದೆ. ಎಲ್ಲರೂ ಡೆಬ್ ಅನ್ನುತ್ತಾರೆ. ಅದರ ಪೋರ್ಟಲ್‌ನಲ್ಲಿ ಪಟ್ಟಿ ಇರುತ್ತದೆ. ನೋಡಬೇಕಾದ್ದು ಮೂರು: ವಿಶ್ವವಿದ್ಯಾಲಯದ ಹೆಸರು, ನಿಮ್ಮ ಕೋರ್ಸಿನ ಹೆಸರು, ನೀವು ಸೇರುವ ವರ್ಷ. ಮೂರೂ ಒಂದೇ ಸಾಲಿನಲ್ಲಿ ಸಿಗಬೇಕು. ವಿಶ್ವವಿದ್ಯಾಲಯ ಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ಅಲ್ಲಿನ ಎಲ್ಲ ಕೋರ್ಸಿಗೂ ಒಪ್ಪಿಗೆ ಇದೆ ಅಂತಲ್ಲ.

ವರ್ಷ ಯಾಕೆ ಅಂತ ಕೇಳಿದರೆ ನಮ್ಮ ರಾಜ್ಯದವರಿಗೆ ಹೇಳುವುದೇ ಬೇಡ. ಮುಕ್ತ ವಿವಿಗೆ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. ಹೊರ ರಾಜ್ಯಗಳಲ್ಲಿ ಫ್ರಾಂಚೈಸಿ ಥರ ಕೋರ್ಸ್ ನಡೆಸಿದ್ದೇ ಅದಕ್ಕೆ ಮುಖ್ಯ ಕಾರಣ. 2018-19ರಲ್ಲಿ ಮಾನ್ಯತೆ ಮತ್ತೆ ಬಂತು, ಈಗ ಸರಿಯಾಗಿ ನಡೆಯುತ್ತಿದೆ. ಆದರೆ ಆ ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ಇದೆಯಲ್ಲ, ಅದು ಬೇರೆಯವರಿಗೆ ಬರುವುದು ಬೇಡ. ಪಟ್ಟಿಯ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ತಾರೀಕು ಹಾಕಿ ಇಟ್ಟುಕೊಳ್ಳಿ.

ಏಜೆಂಟರ ಮೂಲಕ ಸೇರಬೇಡಿ. ಫ್ರಾಂಚೈಸಿ ಕೊಟ್ಟು ಡಿಗ್ರಿ ನಡೆಸುವಂತಿಲ್ಲ ಅಂತ ಯುಜಿಸಿ ಸ್ಪಷ್ಟವಾಗಿ ಹೇಳಿದೆ. ಅರ್ಜಿ ಹೋಗಬೇಕಾದ್ದು, ಫೀಸು ಹೋಗಬೇಕಾದ್ದು ವಿಶ್ವವಿದ್ಯಾಲಯದ ಖಾತೆಗೆ. ರಸೀದಿಯ ಮೇಲೆ ಯಾರ ಹೆಸರಿದೆ ನೋಡಿ.

ಎಲ್ಲ ವಿಷಯವೂ ಸಿಗುತ್ತದಾ?

ಇಲ್ಲ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿ ಇವೆಲ್ಲ ಆನ್‌ಲೈನ್‌ನಲ್ಲಿ ಇಲ್ಲ. ಸೈಕಾಲಜಿ ಕೇಳುವವರು ತುಂಬಾ ಜನ. 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿ, ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿ, ಆಹಾರ ಮತ್ತು ಪೋಷಣೆಯಂಥ ವಿಷಯಗಳನ್ನು ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕೊಡುವುದನ್ನು ಯುಜಿಸಿ ನಿಲ್ಲಿಸಿದೆ. ಹಳೆಯ ಜಾಹೀರಾತು ಇನ್ನೂ ಓಡಾಡುತ್ತಿರುತ್ತದೆ, ಎಚ್ಚರ.

ಡಿಗ್ರಿಯಲ್ಲಿ ಎಷ್ಟು ಅಂಕ ಬೇಕು?

ಎಂಎ, ಎಂಕಾಂಗೆ ಹಲವು ಕಡೆ ಡಿಗ್ರಿ ಪಾಸಾಗಿದ್ದರೆ ಸಾಕು. ಎಂಬಿಎ, ಎಂಸಿಎಗೆ ಸಾಮಾನ್ಯವಾಗಿ 50 ಶೇಕಡಾ, ಮೀಸಲಾತಿಯಲ್ಲಿ 45. ಎಂಸಿಎಗೆ ಗಣಿತ ಓದಿರದವರಿಗೆ ಬ್ರಿಡ್ಜ್ ಕೋರ್ಸ್ ಹಾಕುತ್ತಾರೆ. ಬೇರೆ ವಿವಿಯಿಂದ ಬರುವವರು ಮೈಗ್ರೇಷನ್ ಸರ್ಟಿಫಿಕೇಟ್ ಮೊದಲೇ ತರಿಸಿಟ್ಟುಕೊಳ್ಳಿ. ಹತ್ತು ವರ್ಷದ ಹಿಂದೆ ಡಿಗ್ರಿ ಮುಗಿಸಿದವರಿಗೆ ಅದನ್ನು ಪಡೆಯುವುದೇ ಒಂದು ತಿಂಗಳ ಕೆಲಸ.

ಎಬಿಸಿ ಐಡಿ, ಡೆಬ್ ಐಡಿ ಅಂತ ಕೇಳುತ್ತಾರೆ. ಏನಿದು?

ಎಬಿಸಿ ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ನೀವು ಓದಿ ಗಳಿಸಿದ ಕ್ರೆಡಿಟ್‌ಗಳನ್ನು ಇಡುವ ಬ್ಯಾಂಕ್ ಖಾತೆ ಇದ್ದಂತೆ. 12 ಅಂಕಿಯ ನಂಬರ್. ಡಿಜಿಲಾಕರ್‌ನಲ್ಲಿ ಮಾಡಿಕೊಳ್ಳಬಹುದು, ಈಗ ಅಪಾರ್ ಐಡಿ ಅಂತಲೂ ಬರುತ್ತದೆ. ಅದನ್ನು ಇಟ್ಟುಕೊಂಡು ಯುಜಿಸಿಯ ಡೆಬ್ ಪೋರ್ಟಲ್‌ಗೆ ಹೋಗಿ ಡೆಬ್ ಐಡಿ ಮಾಡಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಿಂದ ಅದಿಲ್ಲದೆ ಆನ್‌ಲೈನ್, ದೂರಶಿಕ್ಷಣ ಎರಡಕ್ಕೂ ಪ್ರವೇಶ ಇಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ. ಇದನ್ನು ನೀವೇ ಮಾಡಿ, ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಹೇಳುವುದಕ್ಕೆ ಹತ್ತು ನಿಮಿಷದ ಕೆಲಸ. ನಮ್ಮ ಕಡೆಯವರಿಗೆ ಹತ್ತು ದಿನ ಹಿಡಿಯುವುದು ಹೆಸರಿನಿಂದ. ನಾದಿನಿಯದೇ ಉದಾಹರಣೆ ತಗೊಳ್ಳಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಡಿಗ್ರಿಯಲ್ಲಿ ಅದೇ ಇನಿಷಿಯಲ್ ಹೆಸರಿನ ಮುಂದೆ. ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ. ಪ್ಯಾನ್‌ನಲ್ಲಿ ಮದುವೆಯಾದ ಮೇಲಿನ ಹೆಸರು, ಗಂಡನದು ಸೇರಿಸಿ. ಮನುಷ್ಯಳು ಒಬ್ಬಳೇ, ಕಾಗದದಲ್ಲಿ ನಾಲ್ಕು ಜನ. ಎಬಿಸಿ ಖಾತೆ ಆಧಾರ್ ಹೆಸರಿನಲ್ಲಿ ಬಂತು, ಅರ್ಜಿ ಮಾರ್ಕ್ಸ್ ಕಾರ್ಡ್ ಹೆಸರಿನಲ್ಲಿ ಹೋಯಿತು, ಎರಡೂ ಹೊಂದಲಿಲ್ಲ. ಕೊನೆಗೆ ಆಧಾರ್ ಸೇವಾ ಕೇಂದ್ರದಲ್ಲಿ ಸಾಲು ನಿಂತು ಎಸ್ಸೆಸ್ಸೆಲ್ಸಿಯಲ್ಲಿದ್ದ ಹಾಗೆ ಬದಲಾಯಿಸಿಕೊಂಡು ಬಂದಳು. ಅಷ್ಟರಲ್ಲಿ ಪ್ರವೇಶದ ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು.

ಅದಕ್ಕೇ ಹೇಳುವುದು, ವಿಶ್ವವಿದ್ಯಾಲಯ ಯಾವುದು ಅಂತ ತೀರ್ಮಾನ ಮಾಡುವ ಮೊದಲೇ ಈ ಹೆಸರಿನ ಕೆಲಸ ಮುಗಿಸಿ. ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ-ಫೆಬ್ರವರಿ ಮತ್ತು ಜುಲೈ-ಆಗಸ್ಟ್.

ಕೆಲಸ ಮಾಡುತ್ತಾ ಓದಬಹುದಾ? ದಿನಕ್ಕೆ ಎಷ್ಟು ಹೊತ್ತು ಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನನ್ನ ಕಸುಬೇ ಅದು. ಎರಡು ವರ್ಷದ ಪಿಜಿಗೆ ಈಗ 80 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ವಿಡಿಯೊ ನೋಡುವುದು, ಓದುವುದು, ಬರೆಯುವುದು ಎಲ್ಲ ಸೇರಿ. ಒಟ್ಟು 2,400 ಗಂಟೆ. ಎರಡು ವರ್ಷಕ್ಕೆ 104 ವಾರ. ವಾರಕ್ಕೆ 23 ಗಂಟೆ ಬಂತು.

ಗಾಬರಿಯಾಗಬೇಡಿ. ಅಷ್ಟನ್ನೂ ಗಡಿಯಾರ ನೋಡಿಕೊಂಡು ಓದುವವರನ್ನು ನಾನು ಕಂಡಿಲ್ಲ. ನಾನು ವಾರದ ದಿನಗಳಲ್ಲಿ ಒಂದೂವರೆ ಗಂಟೆ, ಭಾನುವಾರ ಐದು ಗಂಟೆ ಓದಿದೆ. ಪರೀಕ್ಷೆಯ ಹಿಂದಿನ ತಿಂಗಳು ಜಾಸ್ತಿ. ಅದರಲ್ಲೂ ಮಾರ್ಚ್ ತಿಂಗಳು ನಮ್ಮಲ್ಲಿ ವರ್ಷದ ಲೆಕ್ಕ ಮುಗಿಸುವ ಕಾಲ, ಪುಸ್ತಕ ಮುಟ್ಟಲೇ ಆಗಲಿಲ್ಲ. ಆದರೆ "ಆನ್‌ಲೈನ್ ತಾನೇ, ಪರೀಕ್ಷೆ ಹತ್ತಿರ ಬಂದಾಗ ನೋಡಿಕೊಂಡರಾಯಿತು" ಅಂದವರಲ್ಲಿ ಹೆಚ್ಚಿನವರು ನಮ್ಮ ಬ್ಯಾಚಿನಲ್ಲಿ ಎರಡನೇ ಸೆಮಿಸ್ಟರ್ ಹೊತ್ತಿಗೆ ಕಾಣಿಸಲೇ ಇಲ್ಲ.

ನಾಲ್ಕು ವರ್ಷದ ಆನರ್ಸ್ ಡಿಗ್ರಿ ಮಾಡಿದವರಿಗೆ ಒಂದೇ ವರ್ಷದ, 40 ಕ್ರೆಡಿಟ್‌ನ ಪಿಜಿಗೆ ಯುಜಿಸಿಯ ಹೊಸ ಚೌಕಟ್ಟಿನಲ್ಲಿ ಅವಕಾಶ ಇದೆ. ನೀವು ಸೇರುವ ಕಡೆ ಅದು ಶುರುವಾಗಿದೆಯಾ ಕೇಳಿ ನೋಡಿ.

ಲೈವ್ ಕ್ಲಾಸಿಗೆ ಬರಲೇಬೇಕಾ?

ಪಾಠ ನಾಲ್ಕು ಥರ ಬರುತ್ತದೆ: ವಿಡಿಯೊ, ಓದುವ ಪಠ್ಯ, ಚರ್ಚೆಯ ಜಾಗ, ನಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ಲೈವ್ ಕ್ಲಾಸ್ ಇದರ ಜೊತೆಗೆ. ತಪ್ಪಿದರೆ ರೆಕಾರ್ಡಿಂಗ್ ಸಾಮಾನ್ಯವಾಗಿ ಇರುತ್ತದೆ. ಆದರೆ ನೀವು ಎಷ್ಟು ಸಲ ಬಂದಿರಿ, ಚರ್ಚೆಯಲ್ಲಿ ಏನು ಬರೆದಿರಿ ಅಂತ ಪೋರ್ಟಲ್ ಲೆಕ್ಕ ಇಡುತ್ತದೆ. ಪರೀಕ್ಷೆಗೆ ಕೂರಲು ಇಂತಿಷ್ಟು ಭಾಗವಹಿಸಿರಬೇಕು ಅಂತ ಷರತ್ತು ಇರುತ್ತದೆ. ಲಾಗಿನ್ ಮಾಡಿ ಅಡುಗೆಗೆ ಹೋದರೆ ಹಾಜರಿ ಆಗಲ್ಲ.

ಅಂಕ ಹೇಗೆ ಕೊಡುತ್ತಾರೆ?

ಅಸೈನ್‌ಮೆಂಟ್, ಕ್ವಿಜ್ ಸೇರಿ ಹೆಚ್ಚೆಂದರೆ 30 ಅಂಕ. ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕಡಿಮೆಯೆಂದರೂ 70. ಆ 30ನ್ನು ಬಿಡಬೇಡಿ. ಅದು ಮನೆಯಲ್ಲಿ ಕೂತು ಪುಸ್ತಕ ತೆರೆದಿಟ್ಟುಕೊಂಡು ಗಳಿಸುವ ಅಂಕ.

ಪರೀಕ್ಷೆ ಮನೆಯಲ್ಲೇನಾ? ಕಾಪಿ ಹೊಡೆಯಬಹುದಲ್ಲ?

ಕೆಲವು ಕಡೆ ಕೇಂದ್ರಕ್ಕೆ ಹೋಗಬೇಕು, ಕೆಲವು ಕಡೆ ಮನೆಯಲ್ಲೇ. ಮನೆಯಲ್ಲಿ ಅಂದರೆ ಸಲೀಸು ಅಂತ ನಾನೂ ಅಂದುಕೊಂಡಿದ್ದೆ.

ಮೊದಲ ಪರೀಕ್ಷೆ ಬೆಳಿಗ್ಗೆ 10ಕ್ಕೆ. ಅರ್ಧ ಗಂಟೆ ಮೊದಲೇ ಲಾಗಿನ್. ಗುರುತಿನ ಚೀಟಿಯನ್ನು ಕ್ಯಾಮೆರಾಗೆ ಹಿಡಿದೆ. ಆಮೇಲೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಯ ನಾಲ್ಕು ಮೂಲೆ, ಮೇಜಿನ ಕೆಳಗೆ ಎಲ್ಲ ತೋರಿಸಿದೆ. ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರ್ ತೆಗೆಯಿರಿ ಅಂತ ಆ ಕಡೆಯಿಂದ ನೋಡುತ್ತಿದ್ದ ಮೇಲ್ವಿಚಾರಕರು ಅಂದರು, ತೆಗೆದೆ. ನಮ್ಮ ದೇವರ ಮನೆಯ ಬಾಗಿಲು ಆ ಕೋಣೆಗೇ ತೆರೆಯುತ್ತದೆ, ಅದು ನನಗೆ ಹೊಳೆಯಲೇ ಇಲ್ಲ. 11 ಗಂಟೆಗೆ ಅತ್ತೆ ಹೂವಿನ ಬುಟ್ಟಿ ಹಿಡಿದು ನನ್ನ ಬೆನ್ನ ಹಿಂದೆ ಹಾದುಹೋದರು. ಪರದೆಯ ಮೇಲೆ ತಕ್ಷಣ ಹಳದಿ ಪಟ್ಟಿ: ಇನ್ನೊಬ್ಬರು ಕಾಣಿಸುತ್ತಿದ್ದಾರೆ. "ಏನಮ್ಮಾ, ಇನ್ನೂ ಮುಗಿಲಿಲ್ವಾ?" ಅಂತ ಅವರು ಕೇಳಿದ್ದೂ ರೆಕಾರ್ಡ್ ಆಯಿತು. ನಾನು ತಿರುಗಿ ನೋಡದೆ ಬರೆಯುತ್ತಲೇ ಇದ್ದೆ. ಪರೀಕ್ಷೆ ಮುಗಿದ ಕೂಡಲೇ ನಡೆದದ್ದನ್ನು ಮೂರು ಸಾಲಿನಲ್ಲಿ ಮೇಲ್ ಮಾಡಿದೆ. ರೆಕಾರ್ಡಿಂಗ್ ನೋಡಿ ಬಿಟ್ಟರು. ಎರಡನೇ ಪರೀಕ್ಷೆಗೆ ಮಲಗುವ ಕೋಣೆ, ಒಳಗಿನಿಂದ ಚಿಲಕ.

ಕರೆಂಟ್ ಹೋಗುವುದಕ್ಕೂ ಸಿದ್ಧವಾಗಿರಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್, ಮನೆಯ ವೈಫೈ ಜೊತೆಗೆ ಬೇರೆ ಕಂಪನಿಯ ಸಿಮ್ ಇರುವ ಫೋನ್. ಹಾಟ್‌ಸ್ಪಾಟ್ ಹಿಂದಿನ ದಿನವೇ ಜೋಡಿಸಿ ನೋಡಿ. ಅಭ್ಯಾಸದ ಪರೀಕ್ಷೆ ಅಂತ ಒಂದು ಇಡುತ್ತಾರೆ, ಅದನ್ನು ತಪ್ಪಿಸಬೇಡಿ. ಬರೆಯಬೇಕಾದ ಜಾಗದಲ್ಲೇ, ಅದೇ ಲ್ಯಾಪ್‌ಟಾಪ್‌ನಲ್ಲಿ ಮಾಡಿ. ಮಧ್ಯೆ ಸಂಪರ್ಕ ಕಡಿದರೆ ಫೋನಿನಲ್ಲಿ ಪರದೆಯ ಫೋಟೊ ತೆಗೆಯಲು ಹೋಗಬೇಡಿ, ಫೋನ್ ಮುಟ್ಟಿದ್ದೇ ತಪ್ಪಾಗುತ್ತದೆ. ಸಹಾಯವಾಣಿಯ ನಂಬರನ್ನು ಕಾಗದದಲ್ಲಿ ಬರೆದು ಕೋಣೆಯ ಹೊರಗೆ ಮನೆಯವರ ಕೈಗೆ ಕೊಟ್ಟಿರಿ.

ಫೇಲಾದರೆ?

ಆ ವಿಷಯ ಮತ್ತೆ ಬರೆಯಬಹುದು, ಫೀಸು ಕಟ್ಟಿ. ಎರಡು ವರ್ಷದ ಕೋರ್ಸಿಗೆ ಸಾಮಾನ್ಯವಾಗಿ ನಾಲ್ಕು ವರ್ಷದವರೆಗೆ ಸಮಯ ಇರುತ್ತದೆ. ಹೆರಿಗೆ, ವರ್ಗಾವಣೆ, ಮನೆಯಲ್ಲಿ ಕಾಯಿಲೆ ಅಂತ ಒಂದು ಸೆಮಿಸ್ಟರ್ ಬಿಡಬೇಕಾಗಿ ಬಂದರೆ ಸುಮ್ನೆ ಮಾಯವಾಗಬೇಡಿ. ಬರೆದು ತಿಳಿಸಿ. ಮತ್ತೆ ನೋಂದಾಯಿಸುವ ದಿನಾಂಕ ತಪ್ಪಿದರೆ ಆಮೇಲೆ ದಂಡ.

ಅನುಮಾನ ಬಂದರೆ ಯಾರನ್ನು ಕೇಳುವುದು? ಯಾರೂ ಫೋನ್ ಎತ್ತಲ್ಲ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಹಾಯ ಇದೆ, ಆದರೆ ಅದು ನಿಮ್ಮನ್ನು ಹುಡುಕಿಕೊಂಡು ಬರಲ್ಲ. ಕಾಲೇಜಿನಲ್ಲಾದರೆ ಮುಖ ಬಾಡಿದ್ದು ನೋಡಿ ಮೇಷ್ಟ್ರೇ "ಏನಾಯಿತು" ಅಂತ ಕೇಳುತ್ತಾರೆ. ಇಲ್ಲಿ ನೀವು ಬರೆದರೆ ಮಾತ್ರ ನೀವು ಇದ್ದೀರಿ ಅಂತ ಗೊತ್ತಾಗುವುದು.

ನಿಯಮದ ಪ್ರಕಾರ ಪ್ರತಿ ಕೋರ್ಸಿಗೆ ಒಬ್ಬ ಕಾರ್ಯಕ್ರಮ ಸಂಯೋಜಕರು, ಪ್ರತಿ ವಿಷಯಕ್ಕೆ ಒಬ್ಬ ಸಂಯೋಜಕರು, 250 ವಿದ್ಯಾರ್ಥಿಗಳ ಗುಂಪಿಗೆ ಒಬ್ಬ ಮೆಂಟರ್ ಇರಬೇಕು. ಸೇರಿದ ಮೊದಲ ವಾರವೇ ಈ ಮೂವರ ಹೆಸರು, ಮೇಲ್ ಬರೆದಿಟ್ಟುಕೊಳ್ಳಿ. ಪಾಠ ಅರ್ಥವಾಗದಿದ್ದರೆ ಮೆಂಟರ್. ಅಸೈನ್‌ಮೆಂಟ್ ಅಂಕ ತಪ್ಪಾಗಿದ್ದರೆ ವಿಷಯದ ಸಂಯೋಜಕರು. ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್ ಪರೀಕ್ಷಾ ವಿಭಾಗದ ಕೆಲಸ, ಅದನ್ನು ಮೆಂಟರ್ ಹತ್ತಿರ ಕೇಳಿದರೆ ಅವರೂ ಏನೂ ಮಾಡಲಾರರು.

ಉತ್ತರ ಬೇಗ ಬರುವುದು ನೀವು ಬರೆಯುವ ರೀತಿಯ ಮೇಲೂ ಇದೆ. ಮೊದಲು ನಾನು ಬರೆದದ್ದು ಹೀಗೆ: "ಸರ್, ಅಸೈನ್‌ಮೆಂಟ್ ಅಪ್‌ಲೋಡ್ ಆಗ್ತಿಲ್ಲ, ದಯವಿಟ್ಟು ಹೆಲ್ಪ್ ಮಾಡಿ." ನಾಲ್ಕು ದಿನ ಉತ್ತರವೇ ಇಲ್ಲ. ಆಮೇಲೆ ಬರೆದದ್ದು: "ನೋಂದಣಿ ಸಂಖ್ಯೆ ಇಂಥದ್ದು, ಎಂಕಾಂ 2ನೇ ಸೆಮಿಸ್ಟರ್. ನಿನ್ನೆ ರಾತ್ರಿ 9.40ಕ್ಕೆ ಅಪ್‌ಲೋಡ್ ಮಾಡುವಾಗ 'ಫೈಲ್ ದೊಡ್ಡದು' ಎಂದು ಬಂತು. ಫೈಲ್ 6 ಎಂಬಿ, ಪಿಡಿಎಫ್. ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಕೊನೆಯ ದಿನ 30." ಅದೇ ದಿನ ಸಂಜೆ ಉತ್ತರ ಬಂತು, ಎರಡು ಭಾಗ ಮಾಡಿ ಹಾಕಿ ಅಂತ. ಮೇಲ್ ತೆರೆದವರು ಮತ್ತೆ ಏನನ್ನೂ ಕೇಳಬೇಕಾಗದ ಹಾಗೆ ಬರೆದರೆ ಕೆಲಸ ಬೇಗ ಆಗುತ್ತದೆ. ಸಹಕಾರ ಸಂಘದ ಕೌಂಟರಿನ ಈ ಕಡೆ ಕೂತವಳಾಗಿ ಹೇಳುತ್ತಿದ್ದೇನೆ.

ವಾಟ್ಸ್ಆ್ಯಪ್ ಗುಂಪು ಒಳ್ಳೆಯದೇ, ಆದರೆ ಅಲ್ಲಿ ಬಂದ ದಿನಾಂಕವನ್ನು ನಂಬಬೇಡಿ. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ, ಆಗಿದ್ದರೆ ಬೆಂಗಳೂರು, ವಿಜಯಪುರದಲ್ಲಿ ಪ್ರಾದೇಶಿಕ ಕೇಂದ್ರಗಳಿವೆ, ಎದ್ದು ಹೋಗಿಯೂ ಕೇಳಬಹುದು.

ಲೈಬ್ರರಿ ಇಲ್ಲದೆ ಪಿಜಿ ಓದುವುದು ಹೇಗೆ?

ಲೈಬ್ರರಿ ಇದೆ, ಕಪಾಟು ಮಾತ್ರ ಕಾಣಿಸಲ್ಲ. ಇ-ಪಿಜಿ ಪಾಠಶಾಲೆಯಲ್ಲಿ ಪಿಜಿ ಮಟ್ಟದ ಪಾಠಗಳು ವಿಷಯವಾರು ಇವೆ, ಕಾಸಿಲ್ಲ. ಖರಗ್‌ಪುರದ ಐಐಟಿ ನೋಡಿಕೊಳ್ಳುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. ದೇಶದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ, ಕನ್ನಡದಲ್ಲಿ ಬರೆದವೂ ಬೇಕಾದಷ್ಟಿವೆ. ಕನ್ನಡ ಎಂಎ ಮಾಡುವವರು ಇದನ್ನು ನೋಡದೆ ಇರಬಾರದು.

ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ ಇನ್ನೊಂದು ಲಾಭ. "ಒಂದು ದೇಶ, ಒಂದು ಚಂದಾ" ಯೋಜನೆ 2025ರ ಜನವರಿಯಿಂದ ಶುರುವಾಗಿದೆ. ಕೇಂದ್ರ, ರಾಜ್ಯ ಸರ್ಕಾರದ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್ ಸಿಗುವ ವ್ಯವಸ್ಥೆ. ಮನೆಯಿಂದ ತೆರೆಯಲು ಬೇರೆ ಲಾಗಿನ್ ಬೇಕು. ಅದನ್ನು ಕೊಡುವುದು ವಿಶ್ವವಿದ್ಯಾಲಯದ ಗ್ರಂಥಪಾಲಕರು. ಅವರನ್ನು ಕೇಳಿ. ನಮ್ಮ ಬ್ಯಾಚಿನಲ್ಲಿ ಗ್ರಂಥಪಾಲಕರಿಗೆ ಮೇಲ್ ಮಾಡಿದವರು ಮೂರೇ ಜನ, ಮೂವರಿಗೂ ಅವರು ಕೇಳಿದ್ದಕ್ಕಿಂತ ಜಾಸ್ತಿಯೇ ಕಳಿಸಿದರು.

ನಾನು ಕನ್ನಡ ಮಾಧ್ಯಮ. ಇಂಗ್ಲಿಷ್ ಕಷ್ಟ.

ಪರೀಕ್ಷೆ ಯಾವ ಭಾಷೆಯಲ್ಲಿ ಬರೆಯಬಹುದು ಅಂತ ಸೇರುವ ಮೊದಲು ಕೇಳಿ, ಉತ್ತರ ಮೇಲ್‌ನಲ್ಲಿ ತರಿಸಿಕೊಳ್ಳಿ. ಕನ್ನಡದಲ್ಲಿ ಬರೆಯಬಹುದು ಅಂದರೆ ಮುಂದಿನ ಪ್ರಶ್ನೆ: ಟೈಪ್ ಮಾಡಬೇಕಾ, ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಬೇಕಾ? ಟೈಪ್ ಅಂದರೆ ಇವತ್ತಿನಿಂದಲೇ ಯುನಿಕೋಡ್‌ನಲ್ಲಿ ಅಭ್ಯಾಸ ಶುರುಮಾಡಿ. ಮೂರು ಗಂಟೆಯಲ್ಲಿ ಐದು ದೊಡ್ಡ ಉತ್ತರ ಟೈಪ್ ಮಾಡುವುದು ಓದಿದ್ದಕ್ಕಿಂತ ಬೇರೆ ವಿದ್ಯೆ.

ಇಂಗ್ಲಿಷ್‌ನಲ್ಲೇ ಬರೆಯಬೇಕಾದವರು ವಿಡಿಯೊವನ್ನು ನಿಧಾನ ಮಾಡಿ, ಕೆಳಗೆ ಬರುವ ಅಕ್ಷರ ಹಾಕಿಕೊಂಡು ಎರಡು ಸಲ ನೋಡಿ. ಮೊದಲ ಸೆಮಿಸ್ಟರ್ ಅಷ್ಟೇ ಕಷ್ಟ. ಪದಗಳು ಅವೇ ಬರುತ್ತವೆ.

ಪ್ರಾಜೆಕ್ಟ್ ಮಾಡಿಸಿಕೊಡುವವರು ಇದ್ದಾರೆ. ತಗೊಳ್ಳಬಹುದಾ?

ಬೇಡ. ವಿಶ್ವವಿದ್ಯಾಲಯಗಳಲ್ಲಿ ಹೋಲಿಕೆ ನೋಡುವ ಸಾಫ್ಟ್‌ವೇರ್ ಇದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮ ಪಿಜಿ ಪ್ರಬಂಧಕ್ಕೂ ಅನ್ವಯ. ಹೋಲಿಕೆ 10 ಶೇಕಡಾ ಒಳಗಿದ್ದರೆ ತೊಂದರೆ ಇಲ್ಲ. 10ರಿಂದ 40 ಅಂದರೆ ತಿದ್ದಿ ಮತ್ತೆ ಕೊಡಬೇಕು. 40 ದಾಟಿದರೆ ಒಂದು ವರ್ಷ ಕೊಡುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅದೇ ಅಂಗಡಿಯವನು ಅದೇ ಪ್ರಾಜೆಕ್ಟನ್ನು ಎಷ್ಟು ಜನಕ್ಕೆ ಮಾರಿದ್ದಾನೋ ಯಾರಿಗೆ ಗೊತ್ತು. ಎಐ ಬರೆದುಕೊಟ್ಟದ್ದನ್ನು ಹಾಗೇ ಅಂಟಿಸುವುದೂ ಅಷ್ಟೇ, ವೈವಾದಲ್ಲಿ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ.

ನಿಮ್ಮ ಕೆಲಸದ ಜಾಗದಲ್ಲೇ ವಿಷಯ ಹುಡುಕಿ. ನಾನು ನಮ್ಮ ಸಂಘದ ಬೆಳೆ ಸಾಲ ವಸೂಲಿಯ ಮೇಲೆ ಮಾಡಿದೆ. ಅಂಕಿಅಂಶಕ್ಕೆ ಕಾರ್ಯದರ್ಶಿಯವರ ಒಂದು ಸಹಿ ಸಾಕಾಯಿತು.

ಅಂಗವಿಕಲ ವಿದ್ಯಾರ್ಥಿಗಳಿಗೆ ಏನು ಸೌಲಭ್ಯ?

40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ, ಬರೆಯಲು ತೊಂದರೆ ಇರುವವರು ಲಿಪಿಕಾರರನ್ನು, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು, ಕೇಳಬಹುದು. ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇದು ತಾನಾಗಿ ಬರಲ್ಲ, ಪರೀಕ್ಷೆಯ ಅರ್ಜಿ ತುಂಬುವಾಗಲೇ ಗುರುತು ಹಾಕಿ ಪ್ರಮಾಣಪತ್ರ ಸೇರಿಸಬೇಕು. ಮನೆಯಲ್ಲಿ ಬರೆಯುವ ಪರೀಕ್ಷೆಯಾದರೆ ಪಕ್ಕದಲ್ಲಿ ಲಿಪಿಕಾರರು ಇರುತ್ತಾರೆ ಅಂತ ಮೊದಲೇ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಇಲ್ಲವೆಂದರೆ ನಮ್ಮ ಅತ್ತೆಯ ಕಥೆಯೇ.

ಕಣ್ಣು ಕಾಣದವರು ಎನ್‌ವಿಡಿಎ ಅನ್ನುವ ಉಚಿತ ಸ್ಕ್ರೀನ್ ರೀಡರ್ ಬಳಸಬಹುದು, ಕನ್ನಡವನ್ನೂ ಓದುತ್ತದೆ. ಆದರೆ ಪುಟಗಳನ್ನು ಚಿತ್ರದಂತೆ ಸ್ಕ್ಯಾನ್ ಮಾಡಿ ಹಾಕಿದ್ದರೆ ಅದು ಸರಿಯಾಗಿ ಓದಲಾರದು. ಅಂಥ ಪಾಠ ಕಂಡರೆ ಅಕ್ಷರ ರೂಪದ ಫೈಲ್ ಕೇಳಿ. ಅದು ಉಪಕಾರ ಅಲ್ಲ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟ ಹಕ್ಕು.

ಸ್ಕಾಲರ್‌ಶಿಪ್ ಇದೆಯಾ?

ಕಾಲೇಜಿನವರಿಗೆ ಸಿಗುವ ಹಲವು ಯೋಜನೆಗಳು ಆನ್‌ಲೈನ್‌ನವರಿಗೆ ಇಲ್ಲ. ಅದನ್ನು ನೆಚ್ಚಿಕೊಂಡು ಸೇರಬೇಡಿ. ಫೀಸಿನ ರಿಯಾಯಿತಿ ಬೇರೆ, ಅದು ಪ್ರಾಸ್ಪೆಕ್ಟಸ್‌ನಲ್ಲೇ ಇರುತ್ತದೆ.

ಇನ್ನೊಂದು ಡಿಗ್ರಿ ಜೊತೆಗೆ ಮಾಡಬಹುದಾ? ಸ್ವಯಂ ಕೋರ್ಸ್ ಕ್ರೆಡಿಟ್ ಲೆಕ್ಕಕ್ಕೆ ಬರುತ್ತಾ?

ಎರಡಕ್ಕೂ ಹೌದು. 2022ರಿಂದ ಒಂದು ಕಾಲೇಜಿನದು ಒಂದು ಆನ್‌ಲೈನ್, ಅಥವಾ ಎರಡೂ ಆನ್‌ಲೈನ್ ಒಟ್ಟಿಗೆ ಮಾಡಬಹುದು. ಮಾಡಬಹುದು ಅಂತ ಹೇಳಿದೆ, ಮಾಡಿ ಅಂತ ಹೇಳಲಿಲ್ಲ. ಮೇಲಿನ 23 ಗಂಟೆಯ ಲೆಕ್ಕ ನೆನಪಿರಲಿ. ಸ್ವಯಂ ಅನ್ನುವ ಕೇಂದ್ರ ಸರ್ಕಾರದ ಪೋರ್ಟಲ್‌ನ ಆನ್‌ಲೈನ್ ಕೋರ್ಸ್‌ಗಳಿಂದ ಒಂದು ಸೆಮಿಸ್ಟರ್‌ನ 40 ಶೇಕಡಾವರೆಗೆ ಕ್ರೆಡಿಟ್ ತರಬಹುದು, ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿದ್ದರೆ. ಒಪ್ಪಿಗೆ ಮೊದಲು, ಕೋರ್ಸ್ ಆಮೇಲೆ.

ವಿದೇಶದಲ್ಲಿದ್ದೇನೆ, ಅಲ್ಲಿ ಈ ಡಿಗ್ರಿ ನಡೆಯುತ್ತಾ?

ಓದಲು ತೊಂದರೆ ಇಲ್ಲ. ದುಬೈನಲ್ಲಿರುವವರಿಗೆ ಒಂದೂವರೆ ಗಂಟೆಯ ವ್ಯತ್ಯಾಸ, ಸಂಜೆಯ ಕ್ಲಾಸ್ ಸಿಗುತ್ತದೆ. ಅಮೆರಿಕದವರು ರೆಕಾರ್ಡಿಂಗ್ ನೋಡಬೇಕು, ಪರೀಕ್ಷೆ ನಡುರಾತ್ರಿ. ಡಿಗ್ರಿ ಅಲ್ಲಿ ನಡೆಯುತ್ತದಾ ಅನ್ನುವುದನ್ನು ಆ ದೇಶದವರೇ ಹೇಳಬೇಕು. ನಮ್ಮ ಯುಜಿಸಿ ಸಮ ಅಂದದ್ದು ನಮ್ಮಲ್ಲಿಗೆ. ಕೊಲ್ಲಿ ದೇಶಗಳಲ್ಲಿ ಆನ್‌ಲೈನ್ ಡಿಗ್ರಿಯ ಬಗ್ಗೆ ಬಿಗಿ ಜಾಸ್ತಿ. ಫೀಸು ಕಟ್ಟುವ ಮೊದಲೇ ವಿಚಾರಿಸಿ.

ಓದಲು ಮನಸ್ಸೇ ಬರುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತಿದೆ.

ನನಗೂ ಅನ್ನಿಸಿತ್ತು, ಮೂರನೇ ಸೆಮಿಸ್ಟರ್‌ನಲ್ಲಿ. ಒಬ್ಬಳೇ ಗೋಡೆಗೆ ಮುಖ ಮಾಡಿ ಓದುವುದು ಬೇಜಾರಿನ ಕೆಲಸ. ಬೆಳಗಾವಿಯ ಒಬ್ಬರು, ಕೋಲಾರದ ಒಬ್ಬರು, ನಾನು, ಮೂವರೂ ಬುಧವಾರ ರಾತ್ರಿ 9.30ಕ್ಕೆ ವಿಡಿಯೊ ಕರೆ ಹಾಕಿಕೊಂಡು ಸುಮ್ಮನೆ ಅವರವರ ಪಾಡಿಗೆ ಓದುತ್ತಿದ್ದೆವು. ಮಾತಿಲ್ಲ. ಮಧ್ಯೆ ಹತ್ತು ನಿಮಿಷ ಹರಟೆ. ಅಷ್ಟರಿಂದಲೇ ಆ ಸೆಮಿಸ್ಟರ್ ದಾಟಿತು.

ಬೇಜಾರಿಗಿಂತ ಜಾಸ್ತಿ ಅನ್ನಿಸಿದರೆ, ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, ಸರ್ಕಾರದ್ದು. ದಿನದ 24 ಗಂಟೆಯೂ ಇರುತ್ತದೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೂರು ಕೊಟ್ಟರೂ ಯಾರೂ ಕೇಳಲಿಲ್ಲ ಅಂದರೆ?

ಮೆಟ್ಟಿಲುಗಳಿವೆ. 2023ರ ಯುಜಿಸಿ ನಿಯಮದಂತೆ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿ ಸಮಾಧಾನ ಆಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಲೋಕಪಾಲರಿಗೆ (ಓಂಬುಡ್ಸ್‌ಪರ್ಸನ್) ಮೇಲ್ಮನವಿ. ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲೂ ಹಾಕಬಹುದು. ಹಾಕುವಾಗ ಹಳೆಯ ಮೇಲ್‌ಗಳು, ರಸೀದಿ, ಸ್ಕ್ರೀನ್‌ಶಾಟ್ ತಾರೀಕಿನ ಪ್ರಕಾರ ಜೋಡಿಸಿ. "ಫೋನ್ ಮಾಡಿದ್ದೆ" ಅನ್ನುವುದಕ್ಕೆ ಸಾಕ್ಷಿ ಇರಲ್ಲ. ಎಷ್ಟು ಸಿಟ್ಟು ಬಂದಿದ್ದರೂ ಭಾಷೆ ತಣ್ಣಗಿರಲಿ.

ಘಟಿಕೋತ್ಸವಕ್ಕೆ ನಮ್ಮನ್ನೂ ಕರೆಯುತ್ತಾರಾ?

ಕರೆಯುತ್ತಾರೆ, ಅರ್ಜಿ ಹಾಕಿ ಫೀಸು ಕಟ್ಟಿದವರನ್ನು. ಬಾರದವರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಹಾಗಾಗಿ ಮನೆ ಬದಲಾಯಿಸಿದ್ದರೆ ವಿಳಾಸ ತಿದ್ದಿಸಿಕೊಳ್ಳಿ, ನನ್ನ ಸಹಪಾಠಿಯೊಬ್ಬರ ಡಿಗ್ರಿ ಹಳೆಯ ಬಾಡಿಗೆ ಮನೆಗೆ ಹೋಗಿ ವಾಪಸಾಯಿತು. ಡಿಜಿಲಾಕರ್‌ನಲ್ಲೂ ಪ್ರತಿ ಸಿಗುತ್ತದೆ. ನಾನು ಹೋಗಿದ್ದೆ, ಅತ್ತೆಯನ್ನೂ ಕರೆದುಕೊಂಡು. ಎರಡು ವರ್ಷ ಪರದೆಯ ಮೇಲಷ್ಟೇ ನೋಡಿದ್ದ ಬೆಳಗಾವಿಯವರು ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿದ್ದರು, ನಾನಂದುಕೊಂಡಿದ್ದಕ್ಕಿಂತ ಒಂದಡಿ ಎತ್ತರ.